ನಾಲ್ಕು ಸೆಕೆಂಡಿನ ಕರೆ

ಎದುರಿನವರು ಮಾತು ಮುಗಿಸುವ ಮುಂಚೆ ಫೋನ್ ಇಟ್ಟುಬಿಡುವುದು ಕಮಲಳ ಜಾಯಮಾನದಲ್ಲೇ ಇರಲಿಲ್ಲ. ಮೂವತ್ತನಾಲ್ಕು ವರ್ಷ ಮೈಸೂರಿನ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು. ಕೆಲಸಕ್ಕೆ ಸೇರಿದ ಮೊದಲ ದಿನ ಸೂಪರ್‌ವೈಸರ್ ವಿಜಯ್‌ಕುಮಾರ್ ಅವಳಿಗೆ ಹೇಳಿಕೊಟ್ಟದ್ದು ಒಂದೇ ಪಾಠ: "ನೋಡಮ್ಮ, ಫೋನ್ ಮಾಡ್ದೋರು ಮಾತು ಮುಗಿಸೋ ತನಕ ಲೈನು ನಿನ್ನದಲ್ಲ, ಅವರದ್ದು." ಆ ಪಾಠವನ್ನು ಅವಳು ವೇದವಾಕ್ಯದ ಹಾಗೆ ಹಿಡಿದುಕೊಂಡಳು. ಒಂದು ಸಲ ಲೇತ್ ವಿಭಾಗದ ನಂಜಯ್ಯನ ಹೆಂಡತಿ ಫೋನ್ ಮಾಡಿ, ಮಾತೇ ಹೊರಡದೆ ಹನ್ನೊಂದು ನಿಮಿಷ ಅತ್ತಿದ್ದಳು. ಕಮಲ ಅಷ್ಟು ಹೊತ್ತೂ "ಹೂಂ, ಇದ್ದೀನಿ, ನಿಧಾನವಾಗಿ ಹೇಳಿ" ಎನ್ನುತ್ತ ಕೂತಿದ್ದಳು. ಹನ್ನೆರಡನೇ ನಿಮಿಷದಲ್ಲಿ ಗೊತ್ತಾಯಿತು, ಅವರ ಮಗು ತೀರಿಕೊಂಡಿತ್ತು.

ಇಂಥವಳ ಕೈಗೆ, ನಿವೃತ್ತಿಯಾದ ಮೇಲೆ, ಯಂತ್ರದ ಕರೆಗಳು ಗಂಟುಬಿದ್ದವು. ತಮ್ಮ ಮಾಧವನ ರಕ್ತಪರೀಕ್ಷೆಗೆಂದು ಒಮ್ಮೆ ಒಂದು ಹೆಲ್ತ್ ಚೆಕಪ್ ಕಂಪನಿಗೆ ಹೋಗಿದ್ದಾಗ ಫಾರಂನಲ್ಲಿ ಅವಳ ನಂಬರು ಬರೆದು ಬಂದಿದ್ದರು. ಕಂಪನಿಯ ಹೆಸರು ಬೇಡ. ಹೇಳಿದರೆ ಅದಕ್ಕೊಂದು ಪುಕ್ಕಟೆ ಪ್ರಚಾರ. ಅವತ್ತಿನಿಂದ ದಿನಕ್ಕೊಂದು, ಆಮೇಲೆ ಎರಡು, ಆಮೇಲೆ ಹೊತ್ತುಗೊತ್ತಿಲ್ಲದೆ ಕರೆ. "ನಮಸ್ಕಾರ, ನಿಮ್ಮ ಆರೋಗ್ಯದ ವಿಷಯವಾಗಿ ಒಂದು ಸಿಹಿ ಸುದ್ದಿ" ಎಂದು ಯಾರೋ ಹುಡುಗಿಯ ದನಿ ಶುರುವಾಗುತ್ತಿತ್ತು. ರೆಕಾರ್ಡ್ ಮಾಡಿಟ್ಟ ದನಿ. ಕಮಲ ಒಲೆ ಸಣ್ಣ ಮಾಡಿ, ನಿಂತು, ಅರವತ್ತು ಪರೀಕ್ಷೆಗಳ ಪಟ್ಟಿಯನ್ನೂ ರಿಯಾಯಿತಿಯನ್ನೂ ಪೂರ್ತಿ ಕೇಳಿಸಿಕೊಂಡು, ಕೊನೆಗೆ "ಬೇಡಮ್ಮ, ಥ್ಯಾಂಕ್ಸ್" ಎಂದು ಹೇಳಿಯೇ ಫೋನ್ ಇಡುತ್ತಿದ್ದಳು.

ಯಂತ್ರಕ್ಕೆ ಮರ್ಯಾದೆ ಗೊತ್ತಾಗುತ್ತದೆಯೇ? ಅದಕ್ಕೆ ಗೊತ್ತಿದ್ದದ್ದು ಇಷ್ಟೇ: ಯಾರು ಕೊನೆಯ ತನಕ ಕೇಳುತ್ತಾರೋ ಅವರಿಗೆ ಆಸಕ್ತಿ ಇದೆ, ಅವರಿಗೆ ಇನ್ನಷ್ಟು ಕರೆ ಮಾಡು. ಹಾಗಾಗಿ ಅವಳು ಕೇಳಿದಷ್ಟೂ ಅದು ಮಾಡಿತು, ಅದು ಮಾಡಿದಷ್ಟೂ ಇವಳು ಕೇಳಿದಳು.

"ಅಕ್ಕ, ಅದು ಯಂತ್ರ ಕಣೆ," ಎಂದು ಮಾಧವ ನಗುತ್ತಿದ್ದ. "ಅದಕ್ಕೆ ಥ್ಯಾಂಕ್ಸ್ ಹೇಳ್ತೀಯಲ್ಲ, ನಾಳೆ ಮಿಕ್ಸಿಗೂ ಹೇಳು."

"ಯಾರೋ ಹುಡುಗಿ ಬಾಯಿಬಿಟ್ಟು ಓದಿದಾಳಲ್ಲೋ. ಅವಳ ಮುಖದ ಮೇಲೆ ಹೊಡೆದ ಹಾಗೆ ಹೆಂಗೋ ಇಡೋದು?"

ಅಕ್ಕ ತಮ್ಮ ಇಬ್ಬರೇ, ಜಯಲಕ್ಷ್ಮಿಪುರಂನಲ್ಲಿ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದರು. ಕೆಳಗಡೆ ಮನೆ ಮಾಲೀಕರಾದ ಚಾಮುಂಡೇಶ್ವರಿ. ಇಬ್ಬರೂ ಮದುವೆಯಾಗಿರಲಿಲ್ಲ; ಯಾಕೆ ಎಂದು ಕೇಳುವವರೆಲ್ಲ ಕೇಳಿ ಸುಸ್ತಾಗಿ ಬಿಟ್ಟಿದ್ದರು. ಅಮ್ಮ ಹೋದಾಗ ಮಾಧವನಿಗೆ ಆರು ವರ್ಷ, ಕಮಲಳಿಗೆ ಹದಿನೆಂಟು. ಅಲ್ಲಿಂದಾಚೆ ಅವನ ತಲೆ ಬಾಚಿದ್ದು, ಮಗ್ಗಿ ಕೇಳಿದ್ದು, ಜ್ವರಕ್ಕೆ ಒದ್ದೆ ಬಟ್ಟೆ ಹಾಕಿದ್ದು ಎಲ್ಲ ಅವಳೇ. ಈಗ ಅವನಿಗೆ ನಲವತ್ತೊಂಬತ್ತು. ಲಕ್ಷ್ಮೀಪುರಂನಲ್ಲಿ ಒಂದು ಕೋಣೆ ಹಿಡಿದು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದ. ಮೈಸೂರಿನಲ್ಲಿ ಲೆಕ್ಕಕ್ಕೆ ಹೆದರಿದ ಮಕ್ಕಳಲ್ಲಿ ಅರ್ಧ ಜನ ಅವನ ಕೈಕೆಳಗೆ ಹಾದುಹೋದವರು.

ನಾಲ್ಕು ವರ್ಷದ ಹಿಂದೆ ಅವನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್. ತನ್ನದೊಂದು ಕೊಡುತ್ತೇನೆಂದು ಕಮಲ ಹೋದಳು. ಸಕ್ಕರೆ ಕಾಯಿಲೆ ಇದೆ, ಆಗುವುದಿಲ್ಲ ಎಂದು ಡಾಕ್ಟರು ಹೇಳಿದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಉಳಿದದ್ದು ಒಂದೇ ದಾರಿ, ಸತ್ತವರ ಮನೆಯವರು ದಾನ ಕೊಟ್ಟ ಕಿಡ್ನಿಗೆ ಪಟ್ಟಿಯಲ್ಲಿ ಹೆಸರು ಬರೆಸಿ ಕಾಯುವುದು. ಕರೆ ಯಾವಾಗ ಬೇಕಾದರೂ ಬರಬಹುದು, ಬಂದರೆ ಅರ್ಧ ಗಂಟೆಯಲ್ಲಿ ಉತ್ತರ ಹೇಳಬೇಕು ಎಂದಿದ್ದರು. ಡಯಾಲಿಸಿಸ್ ನಡೆಯುವಾಗ ಮಾಧವನ ಕೈ ಕಟ್ಟಿಹಾಕಿದ ಹಾಗೆ, ಪಾಠದ ಹೊತ್ತಿನಲ್ಲಿ ಅವನ ಫೋನು ಬಂದ್. ಹಾಗಾಗಿ ಕಮಲಳ ನಂಬರನ್ನೇ ಕೊಟ್ಟಿದ್ದರು. ಎರಡನೇ ನಂಬರು ಎಂದು ಬರೆಸಿದ್ದ ಮನೆಯ ಲ್ಯಾಂಡ್‌ಲೈನು ಸತ್ತು ವರ್ಷವಾಗಿತ್ತು. ಅದನ್ನು ಬದಲಾಯಿಸಬೇಕೆಂದು ಇಬ್ಬರಿಗೂ ಹೊಳೆದಿರಲಿಲ್ಲ.

ಜೂನ್ ತಿಂಗಳ ಮೊದಲ ವಾರ ಒಂದು ಸಂಜೆ, ಯಂತ್ರದ ಹುಡುಗಿ ಆ ದಿನದ ಆರನೇ ಸಲ ಸಿಹಿ ಸುದ್ದಿ ಹೇಳಿದ ಮೇಲೆ, ಮಾಧವ ಅಕ್ಕನ ಕೈಯಿಂದ ಫೋನ್ ಕಿತ್ತುಕೊಂಡು ಪಾಠಕ್ಕೆ ಕೂತ.

"ನೋಡು, ಗೊತ್ತಿಲ್ಲದ ನಂಬರು, ನಮಸ್ಕಾರ, ಆರೋಗ್ಯ. ಇಷ್ಟು ಕೇಳಿದ್ರೆ ಸಾಕು, ಮುಂದಕ್ಕೆ ಕೇಳ್ಬೇಡ, ಕಟ್ ಮಾಡು. ಆಮೇಲೆ ಇಲ್ಲಿ ಒತ್ತು. ಇಲ್ಲಿ. ಬ್ಲಾಕ್ ಅಂತ ಬರುತ್ತೆ. ಅಲ್ಲಿಗೆ ಆ ನಂಬರಿನ ಕಥೆ ಮುಗೀತು."

ತನ್ನ ನಂಬರಿನ ಮೇಲೆಯೇ ಅವಳ ಕೈಯಲ್ಲಿ ಮೂರು ಸಲ ಬ್ಲಾಕ್ ಮಾಡಿಸಿ, ಮೂರು ಸಲ ತೆಗೆಸಿದ. ದಡ್ಡ ಮಕ್ಕಳಿಗೆ ಭಿನ್ನರಾಶಿ ಹೇಳಿಕೊಡುವ ತಾಳ್ಮೆಯಲ್ಲೇ ಹೇಳಿಕೊಟ್ಟ. ಕಂಪನಿಯವರೇನು ಕಡಿಮೆಯೆ, ದಿನಕ್ಕೊಂದು ಹೊಸ ನಂಬರಿನಿಂದ ಮಾಡುತ್ತಿದ್ದರು. ಕಮಲ ಹೊಸ ವಿದ್ಯೆಯಿಂದ ಒಂದೊಂದನ್ನೇ ಕತ್ತರಿಸುತ್ತ ಬಂದಳು. ಮೊದಮೊದಲು ಪ್ರತಿ ಸಲವೂ ಕೆನ್ನೆಗೆ ಹೊಡೆದಷ್ಟು ಪಾಪ ಅನ್ನಿಸಿತು, ಎರಡು ವಾರದ ಹೊತ್ತಿಗೆ ಅಭ್ಯಾಸವಾಯಿತು.

ಅದಾದ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ, ಹುರುಳಿಕಾಯಿ ಹೆಚ್ಚುತ್ತಿದ್ದಾಗ ಫೋನ್ ಬಂತು. ಗೊತ್ತಿಲ್ಲದ ನಂಬರು. ಹೆಣ್ಣಿನ ದನಿ. "ನಮಸ್ಕಾರ, ಮಾಧವ ಅವರ ಆರೋಗ್ಯದ ವಿಷಯವಾಗಿ…" ಎನ್ನುವಷ್ಟರಲ್ಲಿ ಕಮಲ ಕಟ್ ಮಾಡಿದಳು. ಒದ್ದೆ ಕೈ ಸೀರೆಗೆ ಒರೆಸಿಕೊಂಡು ಬ್ಲಾಕ್ ಒತ್ತಿದಳು.

ಮಧ್ಯಾಹ್ನ ಊಟಕ್ಕೆ ಬಂದ ತಮ್ಮನಿಗೆ ಹೇಳಿಯೂ ಹೇಳಿದಳು: "ಇವತ್ತು ಒಂದನ್ನ ಬಾಯಿ ತೆಗೆಯೋಷ್ಟರಲ್ಲೇ ಕಟ್ ಮಾಡ್ದೆ ಕಣೋ."

"ಭೇಷ್," ಎಂದ ಮಾಧವ, ಹುಳಿ ಕಲಸಿಕೊಳ್ಳುತ್ತ.

ಮರುದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಕಿಡ್ನಿ ಕಸಿ ವಿಭಾಗದ ಮೋಹನ್ ಅವಳನ್ನು ಪಕ್ಕಕ್ಕೆ ಕರೆದ. "ಏನ್ ಮೇಡಂ, ನಿನ್ನೆ ನಮ್ಮ ಹುಡುಗಿ ಫೋನ್ ಮಾಡಿದ್ರೆ ಕಟ್ ಮಾಡ್ಬುಟ್ರಿ? ಆಮೇಲೆ ಎಷ್ಟು ಸಲ ಮಾಡಿದ್ರೂ ಹೋಗ್ಲೇ ಇಲ್ಲ. ಲ್ಯಾಂಡ್‌ಲೈನೂ ಸತ್ತೋಗಿದೆ. ಒಂದು ಕಿಡ್ನಿ ಬಂದಿತ್ತು, ಸರ್‌ಗೆ ಹೊಂದೋ ಹಾಗಿತ್ತು. ಅರ್ಧ ಗಂಟೆ ಕಾದ್ವಿ. ಆಮೇಲೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಯ್ತು."

ಅವನು ಇನ್ನೂ ಏನೋ ಹೇಳಿದ. ಕಮಲಳಿಗೆ ಕೇಳಿಸಲಿಲ್ಲ. ಅವಳು ಒಳಗೆ ಹೋಗುವ ಹೊತ್ತಿಗೆ, ಸೂಜಿ ಚುಚ್ಚುತ್ತಿದ್ದ ನರ್ಸ್ ಮಾಧವನಿಗೆ ಆಗಲೇ ಹೇಳಿಬಿಟ್ಟಿದ್ದಳು: "ನಿನ್ನೆ ಕೈಗೆ ಬಂದಿದ್ದು ತಪ್ಪೋಯ್ತಲ್ಲ ಸರ್. ಫೋನ್ ಸಿಗ್ಲಿಲ್ವಂತೆ."

ಮಾಧವ ಅಕ್ಕನ ಮುಖ ನೋಡಿದ. "ಯಾಕಕ್ಕ ಸಿಗ್ಲಿಲ್ಲ?"

ಸತ್ಯ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಆ ಸತ್ಯದ ಹಿಂದೆ ಇನ್ನೊಂದು ನಿಂತಿತ್ತು. ಕಟ್ ಮಾಡಿದವಳು ಅವಳು, ಕಟ್ ಮಾಡುವುದನ್ನು ಹೇಳಿಕೊಟ್ಟವನು ಅವನು. ಇವನಿಗೆ ಗೊತ್ತಾದರೆ, ತನ್ನ ಜೀವ ಉಳಿಸಬಹುದಾಗಿದ್ದ ಕರೆಯನ್ನು ತಾನೇ ಬ್ಲಾಕ್ ಮಾಡಿಸಿದೆ ಎಂದು ತಿಳಿದುಕೊಂಡು ಇವನು ಇದ್ದಷ್ಟು ದಿನ ಬೇಯುತ್ತಾನೆ. ತನಗೆ ಬರುವ ಕೆಟ್ಟ ಹೆಸರಿನ ಬಗ್ಗೆ ಕಮಲ ಯೋಚಿಸಲೇ ಇಲ್ಲ. ಆರು ವರ್ಷದ ಹುಡುಗನಿಗೆ ಅಮ್ಮ ಊರಿಗೆ ಹೋಗಿದ್ದಾಳೆ ಎಂದು ಸುಳ್ಳು ಹೇಳಿದವಳೂ ಅವಳೇ ತಾನೆ.

"ಆ ಹಾಳು ಯಂತ್ರ ಬಂದಿತ್ತು ಕಣೋ ಅದೇ ಹೊತ್ತಿಗೆ," ಎಂದಳು. "ಲೈನು ಎಂಗೇಜ್ ಆಗಿತ್ತು."

ಅಲ್ಲಿಗೆ ಮುಗಿಯಿತು ಎಂದುಕೊಂಡಳು. ಮುಗಿಯಲಿಲ್ಲ. ಜೀವಮಾನದಲ್ಲಿ ಆಟೋದವನ ಮೇಲೂ ದನಿ ಎತ್ತದ ಮಾಧವನಿಗೆ ಮೊದಲ ಸಲ ಸಿಟ್ಟು ಬಂತು. "ಒಂದು ಕಂಪನಿ ತನ್ನ ಪ್ಯಾಕೇಜ್ ಮಾರೋಕ್ಕೆ ನನ್ನ ಕಿಡ್ನಿ ತಿಂದ್ಕೊಂಡಿತಲ್ಲ," ಎಂದ. ಮುಂದಿನ ವಾರವೇ ವಕೀಲೆ ಭವ್ಯಶ್ರೀಯ ಬಾಗಿಲಿಗೆ ಹೋಗಿ ಕೂತ.

ಭವ್ಯಶ್ರೀ ಅವನ ಹಳೆಯ ವಿದ್ಯಾರ್ಥಿನಿ. ಅವಳ ಅಪ್ಪ ನಿಂಗಯ್ಯ ಊರಲ್ಲಿದ್ದ ಎರಡೆಕರೆ ಬಿಟ್ಟು ಹೆಬ್ಬಾಳದ ಕಾರ್ಖಾನೆಗೆ ಶಿಫ್ಟಿಗೆ ಬರುತ್ತಿದ್ದವನು. ಮಗಳಿಗೆ ಮಾಧವ ಮೇಷ್ಟ್ರು ಮೂರು ವರ್ಷ ಒಂದು ಪೈಸೆ ಇಸಿದುಕೊಳ್ಳದೆ ಪಾಠ ಹೇಳಿದ್ದರು. ಅವಳು ಮೇಷ್ಟ್ರ ಮುಂದೆ ಕೂರಲೂ ಸಂಕೋಚಪಟ್ಟು, ನಿಂತೇ ಕಾನೂನು ಬಿಡಿಸಿ ಹೇಳಿದಳು.

"ಸರ್, ಬರೀ ಫೋನ್ ಬಂತು ಅಂತ ಹೋದ್ರೆ ಗ್ರಾಹಕ ಆಯೋಗದವರು ಬಾಗ್ಲಲ್ಲೇ ವಾಪಸ್ ಕಳಿಸ್ತಾರೆ. ದುಡ್ಡು ಕೊಟ್ಟು ಸೇವೆ ತಗೊಂಡೋರು ಮಾತ್ರ ಗ್ರಾಹಕರು. ಅವತ್ತಿನ ರಕ್ತಪರೀಕ್ಷೆ ರಸೀದಿ ಏನಾದ್ರೂ ಇದ್ಯಾ?"

ಇತ್ತು. ಮಾಧವ ಯಾವ ಕಾಗದವನ್ನೂ ಬಿಸಾಡುವವನಲ್ಲ. ಸಮ್ಮತಿ ಇಲ್ಲದೆ ಮಾರಾಟದ ಕರೆ ಮಾಡುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಆಷಾಢದಲ್ಲಿ ದೂರು ದಾಖಲಾಯಿತು. ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಎಂದು ಕೆಳಗಿನ ಮನೆ ಚಾಮುಂಡೇಶ್ವರಿ ಗೊಣಗಿದರು. ಯಾರು ಕೇಳುತ್ತಾರೆ?

ಕೆಟ್ಟದ್ದೇನೆಂದರೆ, ಕೇಸು ಮಾಧವನಿಗೆ ಒಗ್ಗಿತು. ಭವ್ಯಶ್ರೀ ತಂದುಕೊಟ್ಟ ಹಳೆಯ ತೀರ್ಪುಗಳ ನಕಲನ್ನು ಅವನು ಡಯಾಲಿಸಿಸ್ ಹಾಸಿಗೆಯಲ್ಲಿ ಮಲಗಿ ಒಂದೊಂದಾಗಿ ಓದಿದ. ಬೇಡದ ಕರೆ ಎಂದರೆ ಮನೆಯೊಳಗೆ ಹೇಳದೆ ಕೇಳದೆ ನುಗ್ಗಿದ ಹಾಗೆ ಎಂದು ಒಂದು ಕಡೆಯವರು ಬರೆದಿದ್ದರು. ಬರೀ ಕಿರಿಕಿರಿಯನ್ನು ನಷ್ಟ ಎನ್ನಲಾಗದು ಎಂದು ಇನ್ನೊಂದು ಕಡೆಯವರು. ಒಂದೇ ಕಾನೂನಿಗೆ ಎರಡು ಉತ್ತರ ಬಂದದ್ದು ಗಣಿತದ ಮೇಷ್ಟ್ರಿಗೆ ಸಹಿಸಲಾಗಲಿಲ್ಲ. ಅಂಚಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿದ. ಕೆನ್ನೆಗೆ ಸ್ವಲ್ಪ ರಂಗು ಬಂತು, ರಾತ್ರಿ ಎರಡು ತುತ್ತು ಹೆಚ್ಚು ಉಂಡ. "ನನ್ನಂಥೋರು ಎಷ್ಟು ಜನ ಇರಬೋದು ಅಕ್ಕ, ಇದೊಂದು ತೀರ್ಪು ಸರಿಯಾಗಿ ಬಂದ್ರೆ ಅವರಿಗಾದ್ರೂ ಆಗುತ್ತೆ," ಎನ್ನುತ್ತಿದ್ದ. ಕಮಲ ಹೂಂಗುಟ್ಟುತ್ತಿದ್ದಳು. ಬಿಸಿ ತುಪ್ಪ ನುಂಗುವಂತಿಲ್ಲ, ಉಗುಳುವಂತಿಲ್ಲ.

ನವೆಂಬರಿನಲ್ಲಿ ಕಂಪನಿಯ ಉತ್ತರ ಬಂತು. ಅವರ ವಕೀಲ ಮನೋಹರ್ ಜಾಣ. ಒಟ್ಟು ಮುನ್ನೂರ ಹದಿನೆಂಟು ಕರೆ ಮಾಡಿದ್ದೇವೆ, ನಿಜ; ಅದರಲ್ಲಿ ಇನ್ನೂರ ತೊಂಬತ್ತನ್ನು ಈ ನಂಬರಿನವರು ಆದಿಯಿಂದ ಅಂತ್ಯದ ತನಕ ಆಲಿಸಿದ್ದಾರೆ, ಬೇಡವಾಗಿದ್ದರೆ ಯಾರಾದರೂ ಅಷ್ಟು ಕೇಳುತ್ತಾರೆಯೇ, ಕೇಳಿಸಿಕೊಂಡದ್ದೇ ಸಮ್ಮತಿ ಎಂದು ಬರೆದಿದ್ದ. ಮೂವತ್ತನಾಲ್ಕು ವರ್ಷದ ಮರ್ಯಾದೆಯನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ ಅವಳ ವಿರುದ್ಧವೇ ಇಟ್ಟಿದ್ದರು. ಕಮಲಳಿಗೆ ಅದರಿಂದ ಆದ ನೋವು ಅಷ್ಟಿಷ್ಟಲ್ಲ. ಆದರೆ ನಿಜವಾದ ಪೆಟ್ಟು ಕೊನೆಯ ಸಾಲಿನಲ್ಲಿತ್ತು: ಆಸ್ಪತ್ರೆಯ ಕರೆ ಬಂದಾಗ ನಮ್ಮ ಕರೆ ಚಾಲ್ತಿಯಲ್ಲಿತ್ತು ಎಂಬುದು ಸುಳ್ಳು, ಬೇಕಾದರೆ ಫೋನ್ ಕಂಪನಿಯಿಂದ ದಾಖಲೆ ತರಿಸಿ ನೋಡಿ.

ಆಯೋಗ ತರಿಸಲು ಹೇಳಿತು. ಡಿಸೆಂಬರಿನಲ್ಲಿ ದಾಖಲೆ ಭವ್ಯಶ್ರೀಯ ಕೈ ಸೇರಿದ ದಿನ ಅವಳು ಮೇಷ್ಟ್ರಿಗೆ ಫೋನ್ ಮಾಡಲಿಲ್ಲ, ಕಮಲಳನ್ನು ಕರೆಸಿಕೊಂಡಳು. ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿತ್ತು. ಹನ್ನೊಂದು ಇಪ್ಪತ್ತು. ಆಸ್ಪತ್ರೆಯ ನಂಬರು. ಉತ್ತರಿಸಲಾಗಿದೆ. ನಾಲ್ಕು ಸೆಕೆಂಡು.

"ಆಂಟಿ, ಇದೇನಿದು?"

ಕಮಲ ಎಲ್ಲವನ್ನೂ ಹೇಳಿದಳು, ಮಾಧವ ಬ್ಲಾಕ್ ಹೇಳಿಕೊಟ್ಟ ಸಂಜೆಯೊಂದನ್ನು ಬಿಟ್ಟು. "ಕೇಸು ವಾಪಸ್ ತಗೊಳ್ಳೋಕ್ಕೆ ಆಗಲ್ವೇನಮ್ಮ?"

"ದೂರು ಸರ್‌ದು ಆಂಟಿ. ವಾಪಸ್ ತಗೋಬೇಕಾದ್ರೆ ಅವರೇ ತಗೋಬೇಕು. ಯಾಕೆ ಅಂತ ಕೇಳ್ತಾರೆ. ಈ ದಾಖಲೆ ಎದುರುಕಡೆಯವರಿಗೂ ಹೋಗಿದೆ. ಸೋಮವಾರ ಆಯೋಗದಲ್ಲಿ ಅವರು ಓದೇ ಓದ್ತಾರೆ. ಅವರ ಬಾಯಿಂದ ಬರೋ ಬದ್ಲು ನಿಮ್ಮ ಬಾಯಿಂದ ಬಂದ್ರೆ ಒಳ್ಳೇದು. ಒಂದು ಅಫಿಡವಿಟ್ ಬರ್ಕೊಡಿ."

ಕಮಲ ಬರೆದುಕೊಟ್ಟಳು. ಕರೆ ಕಟ್ ಮಾಡಿದವಳು ನಾನು, ನಂಬರು ಬ್ಲಾಕ್ ಮಾಡಿದವಳೂ ನಾನು, ಬೇಸರದಲ್ಲಿ ಸ್ವಂತ ಬುದ್ಧಿಯಿಂದ ಮಾಡಿದೆ, ಹೀಗೆ ಮಾಡೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಯ ವಾಕ್ಯವನ್ನು ಭವ್ಯಶ್ರೀ ಎರಡು ಸಲ ಓದಿದಳು.

"ಇದು ಯಾಕ್ ಬೇಕು ಆಂಟಿ? ಯಾರೂ ಕೇಳಿಲ್ವಲ್ಲ."

"ಇರ್ಲಿ ಬಿಡಮ್ಮ. ನನ್ನ ಬೆರಳು, ನನ್ನ ಫೋನು. ಅದೇ ಸತ್ಯ."

ಸೋಮವಾರ ಡಯಾಲಿಸಿಸ್ ಮಧ್ಯಾಹ್ನಕ್ಕೆ ಹಾಕಿಸಿಕೊಂಡು ಮಾಧವ ಆಯೋಗಕ್ಕೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ತೀರ್ಪುಗಳ ಫೈಲು. ಹಿಂದಿನ ದಿನವೆಲ್ಲ ಅವನಿಗೆ ಹೇಳಬೇಕೆಂದು ಕಮಲ ಮೂರು ಸಲ ಬಾಯಿ ತೆಗೆದಿದ್ದಳು. ಮೂರು ಸಲವೂ ಅವನು ಗೆದ್ದ ಮೇಲೆ ಏನು ಮಾಡಬೇಕೆಂಬ ಮಾತನ್ನೇ ಆಡುತ್ತಿದ್ದ. ಅಧ್ಯಕ್ಷರ ಮುಂದೆ ಭವ್ಯಶ್ರೀ ಅಫಿಡವಿಟ್ ಓದಿದಳು. ಕಮಲ ತಮ್ಮನ ಕಡೆ ನೋಡುವ ಧೈರ್ಯ ಮಾಡಲಿಲ್ಲ, ಅವನ ಕೈಯನ್ನು ಮಾತ್ರ ನೋಡಿದಳು. ಫೈಲಿನ ಮೇಲಿದ್ದ ಆ ಕೈ ಸ್ವಲ್ಪವೂ ಅಲುಗಲಿಲ್ಲ.

ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಮಾಧವನೇ ಕೇಳಿದ.

"ಬ್ಲಾಕ್ ಮಾಡೋದು ನಿಂಗೆ ಯಾರು ಹೇಳ್ಕೊಟ್ಟಿದ್ದು ಅಕ್ಕ?"

"ಚಾಮುಂಡೇಶ್ವರಿ," ಎಂದಳು, ಮೊದಲೇ ಬಾಯಿಪಾಠ ಮಾಡಿಕೊಂಡವಳ ಹಾಗೆ. "ನೀನು ಹೇಳ್ಕೊಟ್ಟಿದ್ದು ನಂಗೆ ತಲೆಗೇ ಹೋಗಿರ್ಲಿಲ್ಲ ಕಣೋ. ಆಮೇಲೆ ಒಂದಿನ ಅವರ ಹತ್ರ ಕೂತು ಕಲ್ತೆ. ಅವತ್ತು ಯಾಕೋ ತಲೆ ಕೆಟ್ಟಿತ್ತು, ಕಟ್ ಮಾಡ್ದೆ. ನಿಂಗೂ ಅದಕ್ಕೂ ಸಂಬಂಧ ಇಲ್ಲ. ನನ್ನ ಕ್ಷಮಿಸ್ಬಿಡೋ."

"ಹೂಂ," ಎಂದ ಮಾಧವ. "ಕ್ಷಮಿಸೋಂಥದ್ದು ಏನಿದೆ ಬಿಡೆ. ಆಗಿದ್ದು ಆಗೋಯ್ತು," ಎಂದ. ಅವಳ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡ. ಬೆಳೆದ ಮೇಲೆ ಅವನು ಹಾಗೆ ಮಾಡಿದ್ದೇ ಇಲ್ಲ. ಕಮಲಳ ಎದೆಯ ಮೇಲಿನ ಭಾರ ಇಳಿಯಿತು. ನಂಬಿದ, ತನ್ನನ್ನು ಬೈದುಕೊಂಡರೂ ಚಿಂತೆಯಿಲ್ಲ, ತಾನೇ ಕಾರಣ ಎಂಬುದು ಅವನಿಗೆ ಹೊಳೆಯಲಿಲ್ಲ ಎಂದುಕೊಂಡಳು. ಆ ರಾತ್ರಿ ಆರು ತಿಂಗಳ ಮೇಲೆ ಮೊದಲ ಸಲ ಕಣ್ತುಂಬ ನಿದ್ದೆ ಮಾಡಿದಳು.

ಅದಾದ ಮೇಲೆ ಮನೆಯಲ್ಲಿ ಕೇಸಿನ ಮಾತು ಕಡಿಮೆಯಾಯಿತು. ಮಾಧವ ಫೈಲನ್ನು ಅಟ್ಟದ ಮೇಲಿಟ್ಟ. ಸಾರಿಗೆ ಉಪ್ಪಿಲ್ಲದ್ದನ್ನು ತಮಾಷೆ ಮಾಡುತ್ತಿದ್ದ, ಪಾಠಕ್ಕೆ ಹೋಗುತ್ತಿದ್ದ, ಸಂಜೆ ಬಾಲ್ಕನಿಯಲ್ಲಿ ಕೂತು ಅಕ್ಕನಿಗೆ ಹಳೆಯ ವಿದ್ಯಾರ್ಥಿಗಳ ಕಥೆ ಹೇಳುತ್ತಿದ್ದ. ಮೊದಲಿಗಿಂತ ಹೆಚ್ಚು ಅಕ್ಕರೆಯಿಂದಲೇ ಇದ್ದ. ಪಟ್ಟಿಯಲ್ಲಿ ಹೆಸರು ಹಾಗೇ ಇತ್ತು, ಕರೆ ಮತ್ತೆ ಬರಲಿಲ್ಲ. ಯುಗಾದಿಗೆ ಒಂಬತ್ತು ದಿನ ಇರುವಾಗ ಡಯಾಲಿಸಿಸ್ ನಡುವೆಯೇ ಅವನ ಹೃದಯ ನಿಂತಿತು. ಕಮಲ ಹೊರಗೆ ಬೆಂಚಿನ ಮೇಲೆ ಅವನ ಚಪ್ಪಲಿ ಕಾಯುತ್ತ ಕೂತಿದ್ದಳು.

ದೂರುದಾರ ಸತ್ತರೂ ದೂರು ಸಾಯುವುದಿಲ್ಲವಂತೆ. ವಾರಸುದಾರಳೆಂದು ಕಮಲಳ ಹೆಸರು ಸೇರಿಸಲು ಭವ್ಯಶ್ರೀ ಎಲ್ಲಿ ಹೇಳಿದಳೋ ಅಲ್ಲಿ ಅವಳು ಸಹಿ ಹಾಕಿದಳು. ಮೇ ತಿಂಗಳ ಕೊನೆಯಲ್ಲಿ ಆದೇಶ ಬಂತು. ಭವ್ಯಶ್ರೀ ಅದನ್ನು ತಾನೇ ಮಹಡಿ ಹತ್ತಿ ತಂದಳು.

"ಗೆದ್ವಿ ಆಂಟಿ," ಎಂದಳು. ದನಿಯಲ್ಲಿ ಗೆಲುವು ಇರಲಿಲ್ಲ.

ಕಮಲ ಕನ್ನಡಕ ಹಾಕಿಕೊಂಡು ಓದಲು ಶುರುಮಾಡಿದಳು. ಕೇಳಿಸಿಕೊಳ್ಳುವುದು ಸಮ್ಮತಿಯಲ್ಲ ಎಂದು ಆಯೋಗ ಬಿಡಿಸಿ ಬರೆದಿತ್ತು. ಒಬ್ಬ ವ್ಯಕ್ತಿಯ ಸೌಜನ್ಯವನ್ನು ಒಪ್ಪಿಗೆಯೆಂದು ಎಣಿಸಿ ವ್ಯಾಪಾರಕ್ಕೆ ಬಳಸಿಕೊಳ್ಳುವುದು ಅನುಚಿತ ವ್ಯಾಪಾರ ಪದ್ಧತಿ, ಕಂಪನಿ ಇಂಥ ಕರೆಗಳನ್ನು ನಿಲ್ಲಿಸತಕ್ಕದ್ದು, ಪರಿಹಾರ ಕೊಡತಕ್ಕದ್ದು. ಮಾಧವ ಇದ್ದಿದ್ದರೆ ಈ ಸಾಲಿಗೆ ಎರಡು ಸಲ ಕೆಂಪು ಗೆರೆ ಎಳೆಯುತ್ತಿದ್ದ. ಕಮಲ ಕಣ್ಣೊರೆಸಿಕೊಂಡು ಪುಟ ತಿರುಗಿಸಿದಳು. ಹದಿನಾಲ್ಕನೇ ಪ್ಯಾರಾ ಆಸ್ಪತ್ರೆಯ ಕರೆಯ ಬಗ್ಗೆ ಇತ್ತು.

"ದೂರುದಾರರ ಅಕ್ಕನವರು ಸದರಿ ಕರೆಯನ್ನು ಸ್ವಂತ ಇಚ್ಛೆಯಿಂದ ಕಡಿತಗೊಳಿಸಿದ್ದಾಗಿ ಪ್ರಮಾಣಪತ್ರ ಸಲ್ಲಿಸಿರುತ್ತಾರೆ. ಆದರೆ ಅದಾದ ನಾಲ್ಕು ದಿನಗಳಲ್ಲಿ ದೂರುದಾರರು ಪ್ರತ್ಯೇಕ ಪ್ರಮಾಣಪತ್ರ ಸಲ್ಲಿಸಿ, ಅಪರಿಚಿತ ಕರೆಗಳನ್ನು ಕಡಿತಗೊಳಿಸಿ ನಿರ್ಬಂಧಿಸುವಂತೆ ಅಕ್ಕನವರಿಗೆ ತಾವೇ ಒತ್ತಾಯಿಸಿ ಕಲಿಸಿದ್ದಾಗಿಯೂ, ಅಲ್ಲಿಯವರೆಗೆ ಅವರು ಯಾರ ಕರೆಯನ್ನೂ ನಡುವೆ ಕಡಿತಗೊಳಿಸಿದವರಲ್ಲವೆಂದೂ, ಅವರಿಗೆ ಕಲಿಸಿದರೆನ್ನಲಾದ ಮನೆ ಮಾಲೀಕರ ಬಳಿ ಇರುವುದು ಹಳೆಯ ಬಟನ್ ಫೋನಾಗಿದ್ದು ಅವರಿಗೆ ಸ್ವತಃ ಈ ವಿದ್ಯೆ ತಿಳಿದಿಲ್ಲವೆಂದೂ, ಸದರಿ ದಿನ ಮಧ್ಯಾಹ್ನ ಕರೆ ಕಡಿತಗೊಳಿಸಿದ ವಿಷಯವನ್ನು ಅಕ್ಕನವರು ತಿಳಿಸಿದಾಗ ತಾವು 'ಭೇಷ್' ಎಂದು ಹೇಳಿದ್ದಾಗಿಯೂ ತಿಳಿಸಿರುತ್ತಾರೆ. ತಪ್ಪು ಸಂಪೂರ್ಣ ತಮ್ಮದೆಂದು ಇಬ್ಬರೂ ಪ್ರಮಾಣ ಮಾಡಿರುತ್ತಾರೆ. ಇಬ್ಬರಲ್ಲಿ ಯಾರ ಹೇಳಿಕೆ ಸರಿಯೆಂದು ತೀರ್ಮಾನಿಸುವ ಅಗತ್ಯ ಈ ಆಯೋಗಕ್ಕೆ ಕಂಡುಬರುವುದಿಲ್ಲ. ಕರೆ ತಪ್ಪಿದ್ದರ ಹೊಣೆಯನ್ನು ಎದುರುದಾರ ಕಂಪನಿಯ ಮೇಲೆ ಹೊರಿಸಲು ಸಾಕಷ್ಟು ಆಧಾರ ಇರುವುದಿಲ್ಲ."

ಕಮಲ ಆ ಪ್ಯಾರಾವನ್ನು ಮತ್ತೊಮ್ಮೆ ಓದಿದಳು. ಆಮೇಲೆ ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡಳು.

"ನಾಲ್ಕೇ ದಿನಕ್ಕೆ ಬಂದಿದ್ನಾ?"

"ಹೂಂ ಆಂಟಿ. ಶುಕ್ರವಾರ. ಡಯಾಲಿಸಿಸ್ ಮುಗಿಸ್ಕೊಂಡು ಒಬ್ರೇ ಬಂದಿದ್ರು. ನಿಲ್ಲೋಕ್ಕೂ ಆಗ್ತಿರ್ಲಿಲ್ಲ." ಭವ್ಯಶ್ರೀಗೆ ವಕೀಲರ ಭಾಷೆ ತಪ್ಪಿಹೋಗಿ ಊರಿನ ಮಾತು ಬಂದುಬಿಟ್ಟಿತು. "ಅಕ್ಕನ್ಗೆ ಯೇಳ್ಬ್ಯಾಡ ಕಣವ್ವ ಅಂತ ಕೈ ಇಡ್ಕಂಡ್ಬುಟ್ರು. ನಂಗೊತ್ತಿಲ್ಲ ಅಂದ್ಕಂಡಾದ್ರೂ ಅವ್ಳು ನೆಮ್ಮದಿಯಾಗಿರ್ಲಿ ಅಂದ್ರು. ನಾನೆಂಗ್ ಯೇಳ್ಲಿ ಆಂಟಿ?"

ಕಮಲ ಅವಳನ್ನು ಬೈಯಲಿಲ್ಲ. ಡಿಸೆಂಬರಿನಿಂದ ಯುಗಾದಿಯ ತನಕ ಲೆಕ್ಕ ಹಾಕುತ್ತ ಕೂತಳು. ಅಷ್ಟೂ ದಿನ ಅವನು ಗೊತ್ತಿದ್ದೇ ಉಂಡಿದ್ದ, ಗೊತ್ತಿದ್ದೇ ನಗಿಸಿದ್ದ, ಪಕ್ಕದ ಕೋಣೆಯಲ್ಲಿ ಗೊತ್ತಿದ್ದೇ ಮಲಗಿದ್ದ. ಯಾವುದನ್ನು ಅವನಿಂದ ದೂರ ಇಡಲು ಅವಳು ತಮ್ಮನಿಗೂ ಕೋರ್ಟಿಗೂ ಸುಳ್ಳು ಹೇಳಿದಳೋ, ಅದನ್ನು ಅವನು ಒಬ್ಬನೇ ಹೊತ್ತುಕೊಂಡು ಹೋಗಿದ್ದ. ಅವಳಿಗೆ ನಿದ್ದೆ ಬಂದ ಆ ರಾತ್ರಿಯಿಂದಲೇ ಅವನ ನಿದ್ದೆ ಹೋಗಿತ್ತು. ಒಂದೇ ಮನೆಯಲ್ಲಿ ಇಬ್ಬರು ಒಂದೇ ದುಃಖವನ್ನು ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡು ಬದುಕಿದ್ದರು. ಒಂದು ಸಂಜೆ ಕೂತು ಒಟ್ಟಿಗೆ ಅತ್ತಿದ್ದರೆ ಆಗುತ್ತಿತ್ತು. ಅದಕ್ಕೆ ಯಾವ ಕಾನೂನೂ ಅಡ್ಡ ಇರಲಿಲ್ಲ, ಆದರೂ ಅದೊಂದನ್ನು ಇಬ್ಬರೂ ಮಾಡಲಿಲ್ಲ.

ಭವ್ಯಶ್ರೀ ಮೂಗು ಒರೆಸಿಕೊಂಡು, ಹೇಗಾದರೂ ಮಾಡಿ ಮತ್ತೆ ವಕೀಲೆಯಾಗಲು ನೋಡಿದಳು. "ಹದಿನಾಲ್ಕನೇ ಪ್ಯಾರಾ ತಪ್ಪು ಅಂತ ನಾವು ರಾಜ್ಯ ಆಯೋಗಕ್ಕೆ ಹೋಗ್ಬೋದು ಆಂಟಿ. ಹೊಣೆ ಕಂಪನಿಯದ್ದೇ ಅಂತ ವಾದ ಮಾಡ್ಬೋದು. ಅಪೀಲು ಮಾಡೋಕ್ಕೆ ನಲವತ್ತೈದು ದಿನ ಟೈಮಿದೆ."

"ಯಾರ ಮೇಲೆ ಅಪೀಲು ಹೋಗ್ಲಮ್ಮ," ಎಂದಳು ಕಮಲ. ಆದೇಶವನ್ನು ಮತ್ತೆ ಕೈಗೆತ್ತಿಕೊಂಡು, ಅವನ ಮಾತಿದ್ದ ಆ ಪ್ಯಾರಾವನ್ನು ಮೊದಲಿನಿಂದ ಕೊನೆಯ ತನಕ ದೊಡ್ಡದಾಗಿ ಓದು ಎಂದು ಭವ್ಯಶ್ರೀಯ ಕೈಗೆ ಕೊಟ್ಟಳು.